ಕೂಳು, ಗಂಜಿ, ಬಿಸಿಯೂಟ: ಬರಗಾಲದ ಅನ್ನವಾಚಕಗಳ ಚರಿತ್ರೆ

1. ಸಂವತ್ಸರದ ಹೆಸರು, ಬರದ ಹೆಸರು

1876ರ ಯುಗಾದಿಗೆ ಆರಂಭವಾದ ಸಂವತ್ಸರದ ಹೆಸರು ಧಾತು. ಮರುವರ್ಷದ್ದು ಈಶ್ವರ, ಅದರ ಮುಂದಿನದು ಬಹುಧಾನ್ಯ. ಮೈಸೂರು ಸಂಸ್ಥಾನವನ್ನೂ, ಮದರಾಸು ಅಧಿಪತ್ಯದ ಬಳ್ಳಾರಿಯನ್ನೂ, ಮುಂಬಯಿ ಅಧಿಪತ್ಯದ ಧಾರವಾಡ ಮೊದಲಾದ ಸೀಮೆಗಳನ್ನೂ ತತ್ತರಿಸುವಂತೆ ಮಾಡಿದ ಕ್ಷಾಮವನ್ನು ಸರ್ಕಾರಿ ವರದಿಗಳು 1876–78ರ ಬರವೆಂದು ದಾಖಲಿಸಿದವು. ಜನರ ಬಾಯಿಯಲ್ಲಿ ಅದು ಧಾತು ಈಶ್ವರ ಬರವಾಗಿ ಉಳಿಯಿತು. ಬಹುಧಾನ್ಯವೆಂಬ ಹೆಸರು ಈ ಜೋಡಿಗೆ ಸೇರಲಿಲ್ಲ. ಸೇರಿದ್ದರೆ ಆ ಹೆಸರೇ ಅಪಹಾಸ್ಯವಾಗುತ್ತಿತ್ತು. 1871ರ ಜನಗಣತಿಯಲ್ಲಿ ಮೈಸೂರು ಸಂಸ್ಥಾನದ ಜನಸಂಖ್ಯೆ 50,55,412, 1881ರಲ್ಲಿ 41,86,188. ಹತ್ತು ವರ್ಷಗಳಲ್ಲಿ ಹೆಚ್ಚಬೇಕಾಗಿದ್ದ ಸಂಖ್ಯೆ ಎಂಟೂವರೆ ಲಕ್ಷಕ್ಕೂ ಮಿಕ್ಕಿ ಇಳಿದಿತ್ತು. ಇವರಲ್ಲಿ ಊರು ಬಿಟ್ಟವರೂ ಉಂಟು, ಸತ್ತವರೇ ಹೆಚ್ಚು. ಮಲೆನಾಡಿಗಿಂತ ಕೋಲಾರ, ತುಮಕೂರು, ಬೆಂಗಳೂರು, ಚಿತ್ರದುರ್ಗಗಳ ಬಯಲು ಸೀಮೆ ಹೆಚ್ಚು ಬರಿದಾಯಿತು.

ಇಂಥ ಸಂಕಟದಲ್ಲಿ ಭಾಷೆಯೂ ಅನ್ನವೂ ಮನುಷ್ಯರನ್ನು ಉಳಿಸಿದವು ಎಂದು ಹೇಳುವುದು ಸುಲಭ. ಅನ್ನದ ವಿಷಯದಲ್ಲಿ ಆ ಮಾತಿಗೆ ವಿವರಣೆ ಬೇಕಿಲ್ಲ. ಭಾಷೆಯ ವಿಷಯದಲ್ಲಿ ಮಾತ್ರ ಎಚ್ಚರ ಅಗತ್ಯ. ಪದ ಹೊಟ್ಟೆ ತುಂಬುವುದಿಲ್ಲ. ಆದರೆ ಯಾವುದನ್ನು ಎಷ್ಟು ಕಾಲ ಕಾಪಿಡಬಹುದು, ಒಂದು ಹಿಡಿ ಕಾಳನ್ನು ಎಷ್ಟು ನೀರಿಗೆ ಹಿಗ್ಗಿಸಬಹುದು, ಕಾಡಿನಲ್ಲಿ ಯಾವುದು ತಿನ್ನತಕ್ಕದ್ದು ಎಂಬ ತಿಳಿವಳಿಕೆ ಪದಗಳ ಮೂಲಕವೇ ಒಂದು ತಲೆಮಾರಿನಿಂದ ಇನ್ನೊಂದಕ್ಕೆ ಸಾಗಿದೆ. ಅವೇ ಪದಗಳು ಇನ್ನೊಂದು ಕೆಲಸವನ್ನೂ ಮಾಡಿವೆ: ಕೊಡುವವನು ಎಲ್ಲಿ ನಿಂತಿದ್ದಾನೆ, ಉಣ್ಣುವವನು ಎಲ್ಲಿ ಕುಳಿತಿದ್ದಾನೆ ಎಂಬುದನ್ನು ಗೊತ್ತುಮಾಡಿವೆ. ಈ ಎರಡನೆಯ ಕೆಲಸವನ್ನು ಕನ್ನಡದ ಅರ್ಥವಿಜ್ಞಾನ ಸಾಕಷ್ಟು ಲಕ್ಷ್ಯಕ್ಕೆ ತೆಗೆದುಕೊಂಡಿಲ್ಲವೆಂದು ನಮ್ಮ ಅನಿಸಿಕೆ. ಬರಗಾಲದ ಅನ್ನವಾಚಕಗಳು ಹಸಿವನ್ನು ತಣಿಸುವ ಬಗೆಯನ್ನು ಎಷ್ಟು ಖಚಿತವಾಗಿ ಕಾಪಾಡಿಕೊಂಡವೋ ಹಸಿದವನ ಮಾನವನ್ನು ಅಷ್ಟೇ ಅನಿಶ್ಚಿತವಾಗಿ ಕಾಪಾಡಿದವು ಎಂಬುದೇ ಈ ಲೇಖನದ ವಾದ.

2. ಬರ, ಹಗೇವು ಮತ್ತು ನರೆದಲೆಗ

‘ಬರ’ ಶಬ್ದದ ಹಳಗನ್ನಡ ರೂಪ ‘ಬಱ’. ಒಣಗು ಎಂಬ ಅರ್ಥದ ದ್ರಾವಿಡ ಧಾತುವಿನಿಂದ ಬಂದ ಇದಕ್ಕೆ ತಮಿಳಿನಲ್ಲಿ ‘ವಱಮ್’ ಎಂಬ ಜ್ಞಾತಿಪದವಿದೆ. ಶಕಟರೇಫ ರೇಫದಲ್ಲಿ ಲೀನವಾದ ಮೇಲೆ ‘ಬರ’ ಎಂಬ ನಾಮಪದವೂ ‘ಬರಲಿ, ಬರದೆ’ ಮೊದಲಾದ ಕ್ರಿಯಾರೂಪಗಳ ಪ್ರಕೃತಿಯೂ ಕಿವಿಗೆ ಒಂದೇ ಆದವು. ಮಳೆ ಬಾರದ್ದು ಬರ ಎಂಬ ಜನಪ್ರಿಯ ನಿರುಕ್ತಿಗೆ ಈ ಧ್ವನಿಲೋಪವೇ ದಾರಿಮಾಡಿತು. ನೆರೆಯ ಭಾಷೆಗಳು ಇಲ್ಲಿ ಬೇರೆ ಬೇರೆ ದಾರಿ ಹಿಡಿದಿವೆ: ತಮಿಳಿನ ಬಳಕೆಮಾತು ‘ಪಂಜಮ್’, ತೆಲುಗು ‘ಕರುವು’, ಮರಾಠಿ ‘ದುಷ್ಕಾಳ’. ಮರಾಠಿಯದು ಕೆಟ್ಟ ಕಾಲವನ್ನು ಹೇಳುತ್ತದೆ. ಕನ್ನಡದ್ದು ಒಣಗಿದ ನೆಲವನ್ನು. ‘ದುರ್ಭಿಕ್ಷದಲ್ಲಿ ಅಧಿಕಮಾಸ’ ಎಂಬ ಗಾದೆ ಮಾತ್ರ ಕಾಲವನ್ನೇ ಹಿಡಿದಿದೆ. ಚಾಂದ್ರಮಾನ ಪಂಚಾಂಗದಲ್ಲಿ ಸೇರುವ ಹದಿಮೂರನೆಯ ತಿಂಗಳು ಜೋಯಿಸರಿಗೆ ಲೆಕ್ಕದ ವಿಷಯ. ಕಣಜ ತಳ ಕಂಡ ಮನೆಗೆ ಇನ್ನೂ ಮೂವತ್ತು ದಿನದ ಊಟ.

ಆ ಕಣಜದ ಸುತ್ತಲಿನ ಪದಗಳನ್ನು ನೋಡಬೇಕು. ಕಣಜ ನೆಲದ ಮೇಲಿನದು, ವಾಡೆ, ಗುಡಾಣಗಳು ಮನೆಯೊಳಗಿನ ಮಣ್ಣಿನ ಪಾತ್ರೆಗಳು, ಹಗೇವು ನೆಲದೊಳಗಿನದು. ಗಟ್ಟಿ ನೆಲವನ್ನು ಕಿರಿದಾದ ಬಾಯಿಯಿಟ್ಟು ಅಗೆದು, ಒಳಗೆ ಹುಲ್ಲು ಹೊದಿಸಿ, ಧಾನ್ಯ ತುಂಬಿ, ಬಾಯಿ ಮುಚ್ಚಿ ಮಣ್ಣೆಳೆದರೆ ರಾಗಿ ವರ್ಷಗಟ್ಟಲೆ ಕೆಡದೆ ನಿಲ್ಲುತ್ತದೆ. ತೆರೆದ ಹಗೇವಿಗೆ ಕೂಡಲೇ ಇಳಿಯಬಾರದು, ಒಳಗಿನ ಕೆಟ್ಟ ಗಾಳಿ ಹೊರಹೋಗುವ ತನಕ ಕಾಯಬೇಕು ಎಂಬ ಎಚ್ಚರಿಕೆಯೂ ಆ ಪದದೊಂದಿಗೇ ಕಲಿತು ಬರುತ್ತಿತ್ತು. ಭತ್ತಕ್ಕೆ, ಜೋಳಕ್ಕೆ ಇಷ್ಟು ದೀರ್ಘಾಯುಸ್ಸು ಇಲ್ಲ. ಬಯಲು ಸೀಮೆಯ ಬೇಸಾಯಗಾರನಿಗೆ ರಾಗಿ ಬೆಳೆಯಷ್ಟೇ ಆಗಿರದೆ ಉಳಿತಾಯವೂ ಆಗಿತ್ತು.

ಕನಕದಾಸರ ‘ರಾಮಧಾನ್ಯ ಚರಿತೆ’ಯನ್ನು ಈ ಹಿನ್ನೆಲೆಯಲ್ಲಿ ಓದಿದಾಗ ಅದರ ಕಥನತಂತ್ರ ಬೇರೆಯಾಗಿ ಕಾಣುತ್ತದೆ. ಭಾಮಿನಿ ಷಟ್ಪದಿಯ ಈ ಕಾವ್ಯದಲ್ಲಿ ಭತ್ತದ ಹೆಸರು ವ್ರೀಹಿ, ರಾಗಿಯ ಹೆಸರು ನರೆದಲೆಗ. ಮೊದಲನೆಯದು ಸಂಸ್ಕೃತದ ಗೌರವವುಳ್ಳ ಶಬ್ದ. ಎರಡನೆಯದು ಅಚ್ಚಗನ್ನಡದ ಸಮಾಸ: ನರೆ, ತಲೆ, ಅದರ ಮೇಲೊಂದು ತದ್ಧಿತ, ತಕಾರಕ್ಕೆ ದಕಾರ ಆದೇಶ. ತಲೆ ನರೆತವನು ಎಂಬುದು ತೆನೆಯ ಬಣ್ಣದ ವರ್ಣನೆಯೂ ಹೌದು, ಸಭೆಯಲ್ಲಿ ಕೂರಿಸಲು ಅನುಮಾನಿಸುವ ಮುದಿ ಬಡವನೊಬ್ಬನ ಚಿತ್ರವೂ ಹೌದು. ಎರಡೂ ಧಾನ್ಯಗಳು ತಾನು ಹೆಚ್ಚೆಂದು ರಾಮನ ಎದುರು ಜಗಳವಾಡುತ್ತವೆ. ಅನ್ನವಿಲ್ಲದ ಕ್ಷಾಮಕಾಲದಲ್ಲಿ ಲೋಕವನ್ನು ಸಲಹುವವನು ತಾನು, ಉಳ್ಳವರ ಮನೆಯ ಕಡೆಗೇ ನೋಡುವವನು ನೀನು ಎಂಬುದು ನರೆದಲೆಗನ ವಾದದ ತಿರುಳು. ರಾಮನು ತೀರ್ಪು ಕೊಡುವುದಿಲ್ಲ. ಇಬ್ಬರನ್ನೂ ಆರು ತಿಂಗಳು ಸೆರೆಯಲ್ಲಿಡಿಸುತ್ತಾನೆ. ಸೆರೆ ಬಿಡಿಸಿದಾಗ ವ್ರೀಹಿ ಕಾಂತಿಗುಂದಿದೆ, ನರೆದಲೆಗ ಹಾಗೆಯೇ ಇದೆ. ಈ ಸೆರೆಮನೆಯನ್ನು ನಾವು ಹಗೇವೆಂದೇ ಓದಬಯಸುತ್ತೇವೆ. ಪ್ರತಿ ರೈತನಿಗೂ ಗೊತ್ತಿದ್ದ ಶೇಖರಣೆಯ ಗುಣವನ್ನು ಕವಿ ನ್ಯಾಯಾಲಯದ ಸಾಕ್ಷ್ಯವಾಗಿ ಮಾರ್ಪಡಿಸಿದ್ದಾನೆ. ಕೃತಿಯನ್ನು ಜಾತಿಶ್ರೇಣಿಯ ಅನ್ಯೋಕ್ತಿಯಾಗಿ ವಿಮರ್ಶಕರು ಓದಿರುವುದು ಸರಿಯಾದದ್ದೇ. ಅನ್ಯೋಕ್ತಿಗೆ ಆಧಾರವಾಗಿ ನಿಂತಿರುವ ಧಾನ್ಯಜ್ಞಾನದ ಕಡೆ ನಮ್ಮ ಬೆರಳು.

ಕೊನೆಯಲ್ಲಿ ರಾಮನು ತನ್ನ ರಾಘವನೆಂಬ ಹೆಸರನ್ನು ಗೆದ್ದ ಧಾನ್ಯಕ್ಕೆ ಕೊಡುತ್ತಾನೆ. ಅದೇ ರಾಗಿಯಾಯಿತೆಂಬುದು ಕಾವ್ಯದ ನಿರುಕ್ತಿ. ವ್ಯುತ್ಪತ್ತಿಶಾಸ್ತ್ರ ಇದನ್ನು ಒಪ್ಪುವುದಿಲ್ಲ. ಕೆಂಪು ಬಣ್ಣವನ್ನು ಸೂಚಿಸುವ ‘ರಾಗ’ ಶಬ್ದದೊಂದಿಗೆ ರಾಗಿಯನ್ನು ಸಂಬಂಧಿಸುವುದು ರೂಢಿ. ಆದರೆ ಜಾನಪದ ನಿರುಕ್ತಿಯನ್ನು ತಪ್ಪೆಂದು ಬದಿಗಿಡುವ ನಮ್ಮ ಶಾಸ್ತ್ರದ ಅಭ್ಯಾಸ ಇಲ್ಲಿ ಸಾಲದು. ಬಡವರ ಹಿಟ್ಟಿನ ಹೆಸರಿಗೆ ದೇವರ ಹೆಸರನ್ನು ತಾಯಿಬೇರಾಗಿ ಕೊಟ್ಟಾಗ ಪದದ ಸ್ಥಾನವೇ ಬದಲಾಗುತ್ತದೆ. ಉಣ್ಣುವವನ ಸ್ಥಾನ ಅದರಿಂದ ಎಷ್ಟು ಬದಲಾಯಿತೆಂಬುದು ಬೇರೆ ಮಾತು.

ಧಾತು ಸಂವತ್ಸರದ ವೇಳೆಗೆ ಹಗೇವುಗಳ ಕಥೆ ಮುಗಿಯುತ್ತ ಬಂದಿತ್ತು. ಹಿಂದಿನ ವರ್ಷವೂ ಮಳೆ ಕೈಕೊಟ್ಟಿತ್ತು. 1864ರಿಂದಲೇ ಬೆಂಗಳೂರಿಗೆ ಮದರಾಸಿನ ಕಡೆಯಿಂದ ರೈಲು ಬಂದಿತ್ತು. ಬಂಗಾಳ, ಬರ್ಮಾಗಳ ಅಕ್ಕಿ ಹಡಗಿನಲ್ಲಿ ಮದರಾಸಿಗೆ ಇಳಿದು ಆ ಹಳಿಯ ಮೇಲೆಯೇ ಹಿಟ್ಟುಣ್ಣುವ ಸೀಮೆಗೆ ಬಂತು. ಬೆಲೆ ಕೊಡಬಲ್ಲವರಿಗೆ ಸಿಕ್ಕಿತು. ಹಳೆಯ ಮೈಸೂರಿನ ಮಾತಿನಲ್ಲಿ ‘ಹಿಟ್ಟು’ ಎಂದರೆ ಮುದ್ದೆ, ಮುದ್ದೆಯೆಂದರೆ ಊಟ. ‘ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂ’ ಎಂಬ ಗಾದೆಯ ಹಿಟ್ಟು ಇದೇ.

ಮುದ್ದೆ ಮಾಡುವಷ್ಟು ಹಿಟ್ಟಿಲ್ಲದಾಗ ಏನು ಮಾಡಬೇಕೆಂಬುದನ್ನೂ ಪದಕೋಶ ಹೇಳಿಕೊಡುತ್ತದೆ. ಮುದ್ದೆ, ನುಚ್ಚು, ಅಂಬಲಿ, ಗಂಜಿ, ತಿಳಿ. ಈ ಸಾಲನ್ನು ಒಂದು ಅರ್ಥಕ್ಷೇತ್ರವಾಗಿ ಪರಿಶೀಲಿಸಿದರೆ ಪದದಿಂದ ಪದಕ್ಕೆ ಮುಖ್ಯವಾಗಿ ಬದಲಾಗುವುದು ನೀರಿಗೂ ಕಾಳಿಗೂ ಇರುವ ಪ್ರಮಾಣ. ಬರ ಬಲಿತಂತೆ ಮನೆಯೊಂದು ಈ ಏಣಿಯಲ್ಲಿ ಒಂದೊಂದೇ ಮೆಟ್ಟಿಲು ಇಳಿಯುತ್ತದೆ. ಕ್ರಿಯಾಪದಗಳೂ ಜೊತೆಗೇ ಬದಲಾಗುತ್ತವೆ: ಮುದ್ದೆ ಉಣ್ಣುವಂಥದ್ದು, ಅಂಬಲಿ ಕುಡಿಯುವಂಥದ್ದು. ಏಣಿಯೂ ಮುಗಿದ ಮೇಲೆ ‘ಉಣ್ಣು’ ಧಾತುವೇ ಮರೆಯಾಗಿ ‘ತಿನ್ನು’ ಬರುತ್ತದೆ. ಸೊಪ್ಪುಸದೆ, ಗೆಡ್ಡೆಗೆಣಸು, ಹುಣಸೆಬೀಜ ಎಲ್ಲವೂ ತಿನ್ನುವಂಥವು. ಅವನ್ನು ಯಾರೂ ಉಂಡೆವೆನ್ನುವುದಿಲ್ಲ. ಇವೆರಡರ ನಡುವೆ ನಿಲ್ಲುವುದು ಬಿದಿರಕ್ಕಿ. 1864ರಲ್ಲಿ ಉತ್ತರ ಕನ್ನಡದ ಸೂಪಾ ಕಾಡಿನಲ್ಲಿ ಬಿದಿರು ಹೂಬಿಟ್ಟಾಗ ಧಾರವಾಡ, ಬೆಳಗಾವಿ ಕಡೆಯಿಂದ ಜನ ಸಾವಿರಾರು ಸಂಖ್ಯೆಯಲ್ಲಿ ಬೀಜ ಆರಿಸಲು ಹೋದರು. ಅದು ಹುಲ್ಲಿನ ಬೀಜ. ಭಾಷೆ ಅದನ್ನು ಅಕ್ಕಿಯೆಂದು ಕರೆದು ಊಟದ ಸಾಲಿಗೆ ಎತ್ತಿಕೊಂಡಿತು.

3. ಕೂಳು ಮತ್ತು ಕೂಲಿ

ಹಳಗನ್ನಡದ ‘ಕೂೞ್’ ಬೇಯಿಸಿದ ಅನ್ನ, ಆಹಾರ ಎಂಬ ಅರ್ಥದ ಸಾಮಾನ್ಯ ಪದ, ಹೀನಾರ್ಥವಿಲ್ಲ. ತಮಿಳಿನ ‘ಕೂೞ್’ ಗಟ್ಟಿ ಅಂಬಲಿ. ಆಡಿ ತಿಂಗಳಲ್ಲಿ ಮಾರಿಯಮ್ಮನ ಗುಡಿಗಳ ಮುಂದೆ ಅದನ್ನು ಹೊಯ್ಯುವುದು ಇಂದಿಗೂ ಪುಣ್ಯದ ಕೆಲಸ. ತೆಲುಗಿನ ‘ಕೂಡು’ ಕೂಡು, ಗೂಡು, ಗುಡ್ಡ ಎಂಬ ತ್ರಿವಳಿಯಲ್ಲಿ ಮನುಷ್ಯನ ಮೂಲ ಅಗತ್ಯಗಳ ಮೊದಲ ಹೆಸರಾಗಿ ನಿಂತಿದೆ. ಕನ್ನಡದಲ್ಲಿ ೞಕಾರ ಳಕಾರವಾದ ಬಳಿಕ ಉಳಿದ ‘ಕೂಳು’ ಮಾತ್ರ ಕೆಳಗಿಳಿಯಿತು. ‘ಕೂಳಿಗೆ ದಂಡ, ಭೂಮಿಗೆ ಭಾರ’ ಎಂಬುದು ಬೈಗುಳ. ಮನೆಗೆ ಬಂದ ನೆಂಟನಿಗೆ ಕೂಳು ಬಡಿಸುತ್ತೇವೆಂದು ಯಾರೂ ಹೇಳರು. ಸಂಸ್ಕೃತದ ‘ಅನ್ನ’ ಶಿಷ್ಟಸ್ಥಾನವನ್ನು ಹಿಡಿದದ್ದು ಇದಕ್ಕೆ ಒಂದು ಕಾರಣ. ದೇಶ್ಯಪದ ಕೆಳಗಿಳಿದು ಎರವಲುಪದ ಮೇಲೇರುವುದು ಪರಿಚಿತ ಪ್ರಕ್ರಿಯೆಯೇ. ಆ ‘ಅನ್ನ’ವೂ ಮುಂದೆ ಅರ್ಥಸಂಕೋಚಕ್ಕೆ ಒಳಗಾಗಿ ಬೆಂದ ಅಕ್ಕಿಗಷ್ಟೇ ಸಲ್ಲತೊಡಗಿತು. ಹೀಗೆ ರಾಗಿ ಉಣ್ಣುವವನು ಪದದ ಮಟ್ಟಿಗೆ ಅನ್ನವಿಲ್ಲದವನಾದ.

‘ತಂಗಳು’ ಶಬ್ದದಲ್ಲಿ ಹಳೆಯ ಕೂೞ್ ಅವಿತುಕೊಂಡಿದೆ: ತಣ್ ಮತ್ತು ಕೂೞ್ ಸೇರಿ ತಂಗೂಳ್, ತಂಗುಳ್, ತಂಗಳು. ಮೂಲದಲ್ಲಿ ಆರಿದ ಅನ್ನ ಎಂದಷ್ಟೇ ಅರ್ಥ. ಬೇಸಗೆಯ ಬೆಳಗ್ಗೆ ಉಳುವವನಿಗೆ ಮಜ್ಜಿಗೆ ಬೆರೆಸಿದ ತಂಗಳು ಇಷ್ಟವಾದ ಊಟವೇ ಆಗಿತ್ತು. ಇನ್ನೊಬ್ಬರ ಮನೆಯ ತಂಗಳು ಎಂದಾಗ ಅದು ಇಡೀ ಜೀವಮಾನದ ಅಧೀನತೆಯ ಹೆಸರು. ‘ಬಿಟ್ಟಿ’ಯ ಕಥೆ ಇದಕ್ಕಿಂತ ವಿಚಿತ್ರ. ಸಂಸ್ಕೃತ ‘ವಿಷ್ಟಿ’ಯ ತದ್ಭವವಾದ ಅದು ಹಿಂದೆ ಕೂಲಿ ಕೊಡದೆ ಮಾಡಿಸಿಕೊಂಡ ಬಲವಂತದ ದುಡಿಮೆ. ‘ಬಿಟ್ಟಿ ಬೇಗಾರಿ’ ಎಂಬ ಜೋಡುನುಡಿಯಲ್ಲಿ ಆ ಅರ್ಥ ಇನ್ನೂ ಉಸಿರಾಡುತ್ತಿದೆ. ‘ಬಿಟ್ಟಿ ಕೂಳು’ ಎಂಬಲ್ಲಿ ಅದು ತಲೆಕೆಳಗಾಗಿದೆ: ದುಡಿಯದೆ ಪಡೆದದ್ದು. ಉಣ್ಣದೆ ದುಡಿದವನ ಮೇಲಿದ್ದ ಪದವೇ ದುಡಿಯದೆ ಉಂಡನೆಂಬ ಆರೋಪವಾಗಿ ಅವನ ಮೊಮ್ಮಕ್ಕಳ ಮೇಲೆ ಬಿದ್ದಿದೆ. ಪಡಿತರದ ಅಕ್ಕಿಯನ್ನು ಕುರಿತ ಇಂದಿನ ರಾಜಕೀಯ ಜಗಳಗಳಲ್ಲಿ ಬಿಟ್ಟಿ ಎಂಬ ಮಾತು ಕಿವಿಗೆ ಬಿದ್ದಾಗಲೆಲ್ಲ ಈ ತಿರುವುಮುರುವು ನಮಗೆ ನೆನಪಾಗುತ್ತದೆ.

1877ರ ಜನವರಿಯಲ್ಲಿ ಸರ್ ರಿಚರ್ಡ್ ಟೆಂಪಲ್ ಕ್ಷಾಮಪೀಡಿತ ಪ್ರದೇಶಗಳಿಗೆ ಭಾರತ ಸರ್ಕಾರದ ಪ್ರತಿನಿಧಿಯಾಗಿ ಬಂದ. ಪರಿಹಾರ ಕಾಮಗಾರಿಗಳಲ್ಲಿ ದುಡಿಯುವ ಗಂಡಾಳಿಗೆ ದಿನಕ್ಕೆ ಒಂದು ಪೌಂಡು ಧಾನ್ಯ ಮತ್ತು ಅರ್ಧ ಆಣೆ ಸಾಕೆಂಬುದು ಅವನ ನಿರ್ಣಯ. ಅದಕ್ಕೆ ಹಿಂದೆ ಮದರಾಸಿನಲ್ಲಿ ಕೊಡುತ್ತಿದ್ದುದು ಒಂದೂವರೆ ಪೌಂಡಿನ ಲೆಕ್ಕ. ಇಷ್ಟರಲ್ಲಿ ಮಣ್ಣು ಹೊರುವವನ ದೇಹ ಉಳಿಯದೆಂದು ಮದರಾಸಿನ ನೈರ್ಮಲ್ಯ ಆಯುಕ್ತ ಡಾ. ಕಾರ್ನಿಶ್ ವಾದಿಸಿದ. ಈ ವಾದವಿವಾದ ವಿಲಿಯಂ ಡಿಗ್ಬಿ 1878ರಲ್ಲಿ ಪ್ರಕಟಿಸಿದ ಎರಡು ಸಂಪುಟಗಳಲ್ಲಿ ವಿಸ್ತಾರವಾಗಿ ಬಂದಿದೆ. ಬಳ್ಳಾರಿಯ ಕನ್ನಡಿಗರು, ತೆಲುಗರು ಈ ಲೆಕ್ಕದ ಒಳಗಿದ್ದವರು. ಭಾಷೆಯ ದೃಷ್ಟಿಯಿಂದ ನೋಡಿದರೆ ಇಲ್ಲಿ ನಡೆದದ್ದು ‘ಕೂಲಿ’ ಎಂಬ ಪದದ ಒಳಗಿನ ಬದಲಾವಣೆ. ಕೂಲಿ ಎಂದರೆ ಮಾಡಿದ ಕೆಲಸಕ್ಕೆ ಪ್ರತಿಫಲ. ಟೆಂಪಲ್ ಗೊತ್ತುಮಾಡಿದ್ದು ಕೆಲಸದ ಬೆಲೆಯನ್ನಲ್ಲ, ಉಸಿರು ನಿಲ್ಲದಿರಲು ಬೇಕಾದ ಕೂಳನ್ನು. ಹೆಸರು ಮಾತ್ರ ಕೂಲಿಯೆಂದೇ ಉಳಿಯಿತು. ‘ಕೂಲಿ’, ‘ಕೂಳು’ ಪದಗಳ ಮೂಲವ್ಯಂಜನಗಳು ಬೇರೆ; ಒಂದರದು ಲಕಾರ, ಇನ್ನೊಂದರದು ೞಕಾರ. ಹಾಗಾಗಿ ಅವನ್ನು ಒಂದೇ ಧಾತುವಿಗೆ ಕಟ್ಟುವುದು ಸಾಧುವಲ್ಲ. ಜನರ ಬದುಕು ಮಾತ್ರ ಅವೆರಡನ್ನು ಪ್ರಾಸದಂತೆ ಹತ್ತಿರ ತಂದಿತು. ಟೆಂಪಲ್ ಬಂದು ಸರಿಯಾಗಿ ನೂರು ವರ್ಷಗಳ ಮೇಲೆ, 1977ರಲ್ಲಿ, ಭಾರತ ಸರ್ಕಾರ ಆರಂಭಿಸಿದ ಕಾರ್ಯಕ್ರಮ ಕನ್ನಡದಲ್ಲಿ ‘ಕೂಲಿಗಾಗಿ ಕಾಳು’ ಆಯಿತು. ಅಚ್ಚುಕಟ್ಟಾದ ಅನುವಾದ. ಕೂಳು ಎನ್ನಬೇಕಾದಲ್ಲಿ ಕಾಳು ಎಂದದ್ದು ಆ ಅನುವಾದಕನ ಸೂಕ್ಷ್ಮತೆ. ಬೇಯಿಸದ ಧಾನ್ಯಕ್ಕೆ ಹೀನಾರ್ಥ ತಟ್ಟಿಲ್ಲ.

4. ಗಂಜಿ

ಬೇಯಿಸಿದ್ದು, ಬೇಯಿಸದ್ದು ಎಂಬ ಭೇದ ಬರೀ ಪದಗಳದ್ದಲ್ಲ. ಮೈಸೂರು ಸಂಸ್ಥಾನದಲ್ಲಿ ಮೊದಮೊದಲು ಪರಿಹಾರ ಅಡುಗೆಮನೆಗಳನ್ನು ತೆರೆಯಲಾಯಿತು. 1877ರಲ್ಲಿ ಕ್ಷಾಮ ಆಯುಕ್ತನಾಗಿ ಬಂದು ಮರುವರ್ಷ ಆ ಬರದ ಇತಿಹಾಸವನ್ನೇ ವರದಿಯಾಗಿ ಬರೆದ ಸಿ. ಎ. ಎಲಿಯಟ್ ಅಡುಗೆಮನೆಗಳನ್ನು ಕುಗ್ಗಿಸಿ, ದುಡಿಯಬಲ್ಲವರನ್ನು ಕಾಮಗಾರಿಗಳಿಗೆ ಕಳುಹಿಸುವ ನೀತಿಯವನು. ಬೆಂಗಳೂರು–ಮೈಸೂರು ರೈಲುದಾರಿಯ ಮಣ್ಣಿನ ಕೆಲಸ ಬಹುಮಟ್ಟಿಗೆ ಈ ಬರದ ಕೈಗಳಿಂದಲೇ ಆದದ್ದು. ಬೇಯಿಸಿದ ಅನ್ನ ಒಂದು ಪರೀಕ್ಷೆಯೂ ಆಗಿತ್ತು: ಜಾತಿಯನ್ನೂ ನಾಚಿಕೆಯನ್ನೂ ಬಿಟ್ಟು ಸಾಲಿನಲ್ಲಿ ಕುಳಿತು ಉಣ್ಣುವಷ್ಟು ಗತಿಗೆಟ್ಟವರೇ ಬಂದಾರು ಎಂಬುದು ಆಡಳಿತದ ಎಣಿಕೆ. ಮರ್ಯಾದಸ್ಥ ರೈತರನೇಕರು ಕೊನೆಯ ಘಟ್ಟದವರೆಗೂ ಬರಲಿಲ್ಲ. ಬಂದಾಗ ಗಂಜಿಯನ್ನು ಜೀರ್ಣಿಸಿಕೊಳ್ಳುವ ಶಕ್ತಿಯೂ ದೇಹದಲ್ಲಿ ಇರುತ್ತಿರಲಿಲ್ಲ. ಆ ಅನ್ನಕ್ಕೆ ಅಂಟಿದ್ದ ಹೆಸರಿನ ಭಾರವನ್ನು ಇವರ ಸಾವಿನ ಕಾರಣಗಳ ಪಟ್ಟಿಯಲ್ಲಿ ಯಾವ ಜನಗಣತಿಯೂ ಸೇರಿಸಿಲ್ಲ.

‘ಗಂಜಿ’ ದ್ರಾವಿಡ ಭಾಷೆಗಳಲ್ಲಿ ವ್ಯಾಪಕವಾಗಿ ಹರಡಿದ ಪದ. ತೆಲುಗು, ತುಳುಗಳಲ್ಲೂ ಆದಿಯಲ್ಲಿ ಗಕಾರ. ತಮಿಳು, ಮಲಯಾಳಗಳಲ್ಲಿ ಕಕಾರ. ಸಂಸ್ಕೃತದ ‘ಕಾಂಜಿಕ’ವನ್ನೂ ಇದರ ಬಳಗಕ್ಕೆ ಸೇರಿಸುತ್ತಾರೆ. ಪೋರ್ಚುಗೀಸರ ಮೂಲಕ ಯೂರೋಪಿಗೂ ಹೋದ ಈ ಪದದ ಪ್ರಯಾಣವನ್ನು ಬಿಟ್ಟು ಎರಡು ನಿಲುಗಡೆಗಳನ್ನಷ್ಟೇ ಇಲ್ಲಿ ನೋಡೋಣ. ಒಂದು ಮದರಾಸು. ಹೈದರ್ ಅಲಿಯ ಸೈನ್ಯ ಕರ್ನಾಟಿಕ್ ಪ್ರದೇಶಕ್ಕೆ ನುಗ್ಗಿದ ಕಾಲದ ಕ್ಷಾಮದಲ್ಲಿ, 1782ರಲ್ಲಿ, ಅಲ್ಲಿ ಮಣೆಗಾರ್ ಛತ್ರವೆಂಬ ಗಂಜಿಯ ಆಶ್ರಯ ಹುಟ್ಟಿತು. ಅದೇ ಬೆಳೆದು ಇಂದಿನ ಸ್ಟ್ಯಾನ್ಲಿ ಆಸ್ಪತ್ರೆಯಾಯಿತು. ಊರಿನವರು ಆ ಆಸ್ಪತ್ರೆಯನ್ನು ಬಹುಕಾಲ ‘ಕಂಜಿ ತೊಟ್ಟಿ’ ಆಸ್ಪತ್ರೆಯೆಂದೇ ಕರೆದರು. ಬರ ಮುಗಿದರೂ ಗಂಜಿಯ ತೊಟ್ಟಿ ಹೆಸರಿನಲ್ಲಿ ಉಳಿಯಿತು, ಅದೂ ಆರೈಕೆಯ ಅರ್ಥದಲ್ಲಿ. ಇನ್ನೊಂದು ನಿಲುಗಡೆ ಕಂಪನಿ ಸೈನ್ಯದ ಇಂಗ್ಲಿಷ್. ಯೂಲ್ ಮತ್ತು ಬರ್ನೆಲ್ 1886ರಲ್ಲಿ ಹೊರತಂದ ‘ಹಾಬ್ಸನ್–ಜಾಬ್ಸನ್’ ಕೋಶದಲ್ಲಿ ‘ಗಂಜಿ ಮನೆ’ ಎಂಬ ಅರ್ಥದ ಸಮಾಸವೊಂದಿದೆ. ಅದು ಹೇಳುವುದು ರೆಜಿಮೆಂಟಿನ ತಾತ್ಕಾಲಿಕ ಸೆರೆಕೋಣೆಯನ್ನು. ಒಳಗಿದ್ದವರಿಗೆ ಕೊಡುತ್ತಿದ್ದ ಆಹಾರದಿಂದ ಬಂದ ಹೆಸರು. ಒಂದೇ ಪದ ಒಂದೆಡೆ ಆಸ್ಪತ್ರೆ, ಇನ್ನೊಂದೆಡೆ ಜೈಲು. ಎರಡೂ ಕಡೆ ಉಣ್ಣುವವನಿಗೆ ಆಯ್ಕೆಯಿಲ್ಲ.

ಗಂಜಿಯ ಹೀನಾರ್ಥಪ್ರಾಪ್ತಿ ಕನ್ನಡದಲ್ಲಿ ಸಾರ್ವತ್ರಿಕವಲ್ಲವೆಂಬುದು ಮುಖ್ಯ ಸಾಕ್ಷ್ಯ. ಕರಾವಳಿಯಲ್ಲಿ ಕುಚ್ಚಲಕ್ಕಿಯ ಗಂಜಿ ದಿನನಿತ್ಯದ ಊಟ. ಉಳ್ಳವರ ಮನೆಯಲ್ಲೂ ಉಪ್ಪಿನಕಾಯಿ, ಚಟ್ನಿಯೊಡನೆ ನಡೆಯುವಂಥದ್ದು. ಅಲ್ಲಿ ‘ಗಂಜಿ ಊಟ’ ಎನ್ನುತ್ತಾರೆ. ಬಯಲು ಸೀಮೆಯ ಮಾತು ‘ಗಂಜಿ ಕುಡಿ’. ಕರಾವಳಿ ಗಂಜಿಯನ್ನು ‘ಉಣ್’ ಧಾತುವಿನ ಮನೆಯೊಳಗೆ ಸೇರಿಸಿಕೊಂಡಿದೆ. ಬಯಲು ಅದನ್ನು ಕಾಯಿಲೆಯವರ ಪಥ್ಯಕ್ಕೂ ಬರದ ಸಾಲಿಗೂ ಬಿಟ್ಟಿದೆ. ಒಂದು ಕ್ರಿಯಾಪದದ ಆಯ್ಕೆಯಲ್ಲಿ ಎರಡು ಪ್ರದೇಶಗಳ ಮಳೆಯ ಚರಿತ್ರೆಯನ್ನು ಓದಬಹುದೆಂದರೆ ಅತಿಶಯೋಕ್ತಿಯೆನಿಸಬಹುದು. ಬರವಿಲ್ಲದ ಸೀಮೆಯಲ್ಲಿ ಗಂಜಿಗೆ ಕಳಂಕವಿಲ್ಲವೆಂಬುದನ್ನಾದರೂ ಒಪ್ಪಬೇಕು. ಕೊಡುವ ಕ್ರಿಯಾಪದಗಳೂ ಇದೇ ರೀತಿ ನಿಲುವನ್ನು ಹೇಳುತ್ತವೆ. ನೆಂಟರಿಗೆ ‘ಬಡಿಸು’ತ್ತೇವೆ, ಹಸಿದವನಿಗೆ ಅನ್ನ ‘ಹಾಕು’ತ್ತೇವೆ, ಗಂಜಿಯನ್ನು ‘ಹುಯ್ಯು’ತ್ತೇವೆ. ಬಡಿಸುವವನು ಬಾಗುತ್ತಾನೆ, ಹುಯ್ಯುವವನು ನಿಂತೇ ಇರುತ್ತಾನೆ.

ಸ್ವಾತಂತ್ರ್ಯೋತ್ತರ ಕರ್ನಾಟಕದಲ್ಲಿ ಬರ, ನೆರೆಗಳ ಸಂದರ್ಭದ ಸರ್ಕಾರಿ ಆಶ್ರಯಕ್ಕೆ ‘ಗಂಜಿ ಕೇಂದ್ರ’ ಎಂಬ ಹೆಸರು ಬಿತ್ತು. ಅಲ್ಲಿ ಚಿತ್ರಾನ್ನ ಕೊಟ್ಟರೂ ಹೆಸರು ಗಂಜಿಯದೇ. 2019ರ ಆಗಸ್ಟಿನಲ್ಲಿ ಕೃಷ್ಣಾ, ಘಟಪ್ರಭಾ, ಮಲಪ್ರಭಾ ನದಿಗಳು ಉಕ್ಕಿದಾಗ ಪತ್ರಿಕೆಗಳ ತುಂಬ ಈ ಪದವಿತ್ತು. ಈಚಿನ ವರ್ಷಗಳಲ್ಲಿ ಆಡಳಿತ ಅದನ್ನು ಕೈಬಿಟ್ಟು ‘ಕಾಳಜಿ ಕೇಂದ್ರ’ ಎನ್ನತೊಡಗಿದೆ. ಮರಾಠಿಯಿಂದ ಬಂದ ‘ಕಾಳಜಿ’ಯಲ್ಲಿ ಆಹಾರವೇ ಇಲ್ಲ, ಇರುವುದು ಕೊಡುವವರ ಮನೋಭಾವ. ಹಳೆಯ ಹೆಸರಿನ ಅವಮಾನವನ್ನು ಅಳಿಸುವ ಸದುದ್ದೇಶವನ್ನು ನಾವು ಅಲ್ಲಗಳೆಯುವುದಿಲ್ಲ. ಆದರೂ ಗಂಜಿ ಕೇಂದ್ರವೆಂಬ ಹೆಸರಿನಲ್ಲಿ ಬಂದವನಿಗೆ ಏನು ಸಿಗುತ್ತದೆಂಬುದು ಸ್ಪಷ್ಟವಿತ್ತು, ಸಿಗದಿದ್ದರೆ ಕೇಳಬಹುದಿತ್ತು. ಕಾಳಜಿ ಸಿಗಲಿಲ್ಲವೆಂದು ಯಾವ ಕಚೇರಿಯಲ್ಲಿ ದೂರು ಬರೆಯುವುದು?

5. ದಾಸೋಹ, ಬಿಸಿಯೂಟ

ಕಳಂಕವಿಲ್ಲದ ಹೆಸರನ್ನು ಕನ್ನಡ ಸಮಾಜ ಇದಕ್ಕೆ ಹಿಂದೆಯೂ ಹುಡುಕಿತ್ತು. ‘ದಾಸೋಹ’ದ ಮೂಲ ‘ದಾಸೋಽಹಮ್’, ನಾನು ದಾಸ ಎಂಬ ಪೂರ್ಣ ವಾಕ್ಯ. ಹನ್ನೆರಡನೆಯ ಶತಮಾನದ ಶರಣರ ಬಳಕೆಯಲ್ಲಿ ಅದು ನಾಮಪದವಾಗಿ ನೆಲೆಗೊಂಡಿತು. ನಾವು ಮೇಲೆ ನೋಡಿದ ಎಲ್ಲ ಪದಗಳೂ ಉಣ್ಣುವವನನ್ನು ಕೆಳಗೆ ಕೂರಿಸಿದರೆ ಇಲ್ಲಿ ಕೊಡುವವನೇ ಉತ್ತಮ ಪುರುಷದಲ್ಲಿ ಮಾತಾಡಿ ತನ್ನನ್ನು ಕೆಳಗಿಟ್ಟುಕೊಳ್ಳುತ್ತಾನೆ. ಉಣ್ಣುವುದು ಪ್ರಸಾದ, ಅದರ ಒಡೆಯ ಎದುರಿಗಿಲ್ಲ. ಮಾದಾರ ಚೆನ್ನಯ್ಯನ ಮನೆಯ ಅಂಬಲಿಯನ್ನು ಶಿವನು ಮೆಚ್ಚಿ ಉಂಡನೆಂಬ ಶರಣ ಪರಂಪರೆಯ ಕಥೆಯಲ್ಲಿ ತಿರುವು ಇನ್ನೂ ದೊಡ್ಡದು. ಅಲ್ಲಿ ಬಡವನೇ ಕೊಡುವವನು, ಏಣಿಯ ಕೆಳಮೆಟ್ಟಿಲಿನ ಅಂಬಲಿಯೇ ನೈವೇದ್ಯ. ರಾಗಿಗೆ ರಾಮನ ಹೆಸರು, ಅಂಬಲಿಗೆ ಶಿವನ ಬಾಯಿ. ನಾಲ್ಕು ಶತಮಾನಗಳ ಅಂತರದ ಈ ಎರಡು ಕಥನಗಳು ಹೀನಾರ್ಥದ ವಿರುದ್ಧ ನಡೆಸಿದ ಹೋರಾಟಗಳೆಂದು ನಾವು ಭಾವಿಸುತ್ತೇವೆ. ಪೂರ್ತಿ ಗೆದ್ದವೆಂದು ಹೇಳಲಾಗದು. ‘ಅಂಬಲಿ ಕುಡಿಯುವವನಿಗೆ ಮೀಸೆ ತಿಕ್ಕುವವನೊಬ್ಬ’ ಎಂದು ಗಾದೆ ಇನ್ನೂ ನಗುತ್ತಿದೆ.

2002ರಲ್ಲಿ ಕರ್ನಾಟಕದ ಈಶಾನ್ಯ ಜಿಲ್ಲೆಗಳ ಸರ್ಕಾರಿ ಶಾಲೆಗಳಲ್ಲಿ ಮಧ್ಯಾಹ್ನದ ಊಟದ ಯೋಜನೆ ‘ಅಕ್ಷರ ದಾಸೋಹ’ ಎಂಬ ಹೆಸರಿನಿಂದ ಆರಂಭವಾಯಿತು. ಮುಂದೆ ರಾಜ್ಯದ ಉಳಿದ ಭಾಗಕ್ಕೂ ಹಬ್ಬಿತು. ಮೊದಲು ತೆರೆದುಕೊಂಡದ್ದು ಬರದ ನೆನಪು ದಟ್ಟವಾಗಿರುವ ಸೀಮೆಯಲ್ಲೇ. ಅಕ್ಷರವನ್ನೂ ಅನ್ನವನ್ನೂ ಒಂದೇ ಸಮಾಸದಲ್ಲಿ ಕಟ್ಟಿದ ಈ ಹೆಸರು ಶರಣರ ಪದವನ್ನು ಸರ್ಕಾರದ ಬಾಯಿಗೆ ತಂದಿತು. ನಾನು ದಾಸ ಎಂದು ಇಲಾಖೆಯೊಂದು ಹೇಳಿಕೊಂಡದ್ದರ ಅರ್ಥವನ್ನು ಇಲಾಖೆಯೇ ಎಷ್ಟು ಯೋಚಿಸಿತ್ತೋ ಗೊತ್ತಿಲ್ಲ.

ಮಕ್ಕಳೂ ಮೇಷ್ಟರೂ ಊರಿನವರೂ ಅದನ್ನು ಕರೆಯುವುದು ‘ಬಿಸಿಯೂಟ’ ಎಂದು. ಪದರಚನೆಯ ದೃಷ್ಟಿಯಿಂದ ಇದು ‘ತಂಗಳು’ ಶಬ್ದದ ನೇರ ಪ್ರತಿರೂಪ: ತಣ್ ಇದ್ದಲ್ಲಿ ಬಿಸಿ, ಕೂೞ್ ಇದ್ದಲ್ಲಿ ಊಟ. ‘ಊಟ’ ಹುಟ್ಟಿದ್ದು ‘ಉಣ್’ ಧಾತುವಿನಿಂದ. ಹಾಗಾಗಿ ಸೊಪ್ಪುಸದೆ ತಿನ್ನುವ ಕ್ರಿಯೆಗೂ ಗಂಜಿ ಹುಯ್ಯುವ ಕ್ರಿಯೆಗೂ ಇಲ್ಲಿ ಜಾಗವಿಲ್ಲ. ಕೊಡುವವನ ಹೆಸರಿಲ್ಲ, ದಾನದ ಸೂಚನೆಯಿಲ್ಲ. ಅಕ್ಕಿಯೋ ರಾಗಿಯೋ ಎಂಬುದೂ ಇಲ್ಲ. ಒಂದು ಧಾತು, ಒಂದು ಗುಣವಾಚಕ; ಎರಡೂ ಅಚ್ಚಗನ್ನಡ. ಕೂಳು ಕಳೆದುಕೊಂಡ ತಟಸ್ಥ ಸ್ಥಾನವನ್ನು ಈ ಪದ ಮರಳಿ ಪಡೆದಿದೆ, ಯಾವ ಸಮಿತಿಯ ಶಿಫಾರಸೂ ಇಲ್ಲದೆ.

ಆದರೆ ಅದೇ ಶಾಲೆಯ ಒಲೆಯ ಮುಂದೆ ಇನ್ನೊಂದು ಪದವಿದೆ. ಈ ಊಟವನ್ನು ಬೇಯಿಸುವ ಮಹಿಳೆಯರಿಗೆ ಸಲ್ಲುವ ಹಣದ ಅಧಿಕೃತ ಹೆಸರು ‘ಗೌರವಧನ’. ವೇತನ ಎಂದರೆ ಕನಿಷ್ಠ ವೇತನದ ಕಾನೂನು ಜೊತೆಗೆ ಬರುತ್ತದೆ. ಕೂಲಿ ಎಂದರೂ ದಿನದ ದರ ಕೇಳಬೇಕಾಗುತ್ತದೆ. ಗೌರವಧನಕ್ಕೆ ಅಂಥ ಬಂಧನವಿಲ್ಲ. ಬಿಸಿಯೂಟದ ನೌಕರರು ಬೆಂಗಳೂರಿಗೂ ಜಿಲ್ಲಾ ಕೇಂದ್ರಗಳಿಗೂ ಬಂದು ಮತ್ತೆ ಮತ್ತೆ ಮುಂದಿಟ್ಟಿರುವ ಬೇಡಿಕೆಗಳಲ್ಲಿ ಮೊತ್ತದ ಹೆಚ್ಚಳದ ಜೊತೆಗೆ ಇದೂ ಒಂದು: ತಮ್ಮನ್ನು ನೌಕರರೆಂದು ಕರೆಯಬೇಕು, ಕೊಡುವುದನ್ನು ವೇತನವೆಂದು ಬರೆಯಬೇಕು.